ಬೇಡ ಎಂದು ಬರೆದಿದ್ದ ಬಾಗಿಲು

ಅಂದು ಬೆಳಗ್ಗೆ ನಮ್ಮ ಅಡುಗೆಮನೆಯ ಹಿಂದೆ ಏನೋ ಭಾರವಾದದ್ದು ಬಿದ್ದ ಸದ್ದಾಯಿತು. ಹಿತ್ತಿಲಲ್ಲಿ ಖಾಲಿ ಡ್ರಮ್ಮುಗಳಿದ್ದವು. ಬೆಕ್ಕು ಉರುಳಿಸಿರಬೇಕು ಎಂದುಕೊಂಡು ಬೈಯುತ್ತಲೇ ಕಿಟಕಿ ತೆರೆದೆ. ಮಂಜಿನ್ನೂ ಪೂರ್ತಿ ಕರಗಿರಲಿಲ್ಲ. ಕಲ್ಲುಹಾಸಿನ ಮೇಲೆ ಲೆಕ್ಕದ ಮೇಷ್ಟ್ರು ಬಿದ್ದಿದ್ದರು. ಬೆರಳುಗಳ ನಡುವೆ ಟೀ ಕಪ್ಪಿನ ಹಿಡಿಯೊಂದು ಮಾತ್ರ ಉಳಿದಿತ್ತು, ಇನ್ನೂ ಹೊತ್ತಿಸದ ಸಿಗರೇಟು ಪಕ್ಕದಲ್ಲಿತ್ತು. ಕಿಟಕಿಯ ಸರಳಿಗೆ ನಮ್ಮತ್ತೆ ಕಟ್ಟಿದ್ದ ಹಳದಿ ಕಾರ್ಡು ನನ್ನ ಮೂಗಿನ ಮುಂದೆಯೇ ಓಲಾಡುತ್ತಿತ್ತು. ‘ಡೋಂಟ್ ಶೌಟ್’ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು, ಅಂದರೆ ಕಿರುಚಬೇಡ. ನಾನು ಕಿರುಚಿದೆ.

ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದರು. ಕೆಳಗೆ ಒಮ್ಮೆ ನೋಡಿದವರು ತಕ್ಷಣ ತಲೆಯೆತ್ತಿದರು.

“ಕೆಳಗೆ ಏನಾಗಿದೆ ಅಂತ ಕಾಣ್ತಾನೇ ಇದೆ. ಮೇಲೆ ಏನಾಗಿದೆ ನೋಡು” ಎಂದರು.

ಮೂರನೇ ಮಹಡಿಯ ಹಿಂಬಾಗಿಲು ಹೊರಕ್ಕೆ ತೆರೆದುಕೊಂಡು ಶೂನ್ಯದಲ್ಲಿ ನಿಂತಿತ್ತು. ಅದರ ಮುಂದೆ ಎಂದಿನಂತೆ ಇರಬೇಕಾಗಿದ್ದ ನೆಲ ಇರಲಿಲ್ಲ.

ನಮ್ಮತ್ತೆಯ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಅವರು ನಿವೃತ್ತಿಯಾಗುವ ತನಕ ಜೈಲಿನ ಗೇಟಿನಲ್ಲಿ ಕೆಲಸ ಮಾಡಿದವರು. ಒಳಗೆ ಹೋಗುವವರು, ಹೊರಗೆ ಬರುವವರು, ನೋಡಲು ಬರುವವರು ಎಲ್ಲರೂ ಅವರ ಕಣ್ಣೆದುರೇ ಹಾದುಹೋಗಬೇಕಿತ್ತು. ಹಾಗಾಗಿ ಊರಿಗೆಲ್ಲ ಅವರು ಗೇಟಮ್ಮ. ಬಿಡುಗಡೆಯಾಗಿ ಹೊರಡುವ ಪ್ರತಿಯೊಬ್ಬನಿಗೂ ಅವರು ಒಂದೇ ಮಾತು ಹೇಳುತ್ತಿದ್ದರಂತೆ: ತಿರುಗಿ ನೋಡಬೇಡ. ಕೆಲಸ ಬಿಟ್ಟರೂ ಕಣ್ಣು ಕೆಲಸ ಬಿಡಲಿಲ್ಲ. ನಮ್ಮ ಕಟ್ಟಡದಲ್ಲಿ ಹಾಲಿನ ಪ್ಯಾಕೆಟ್ ಕಳೆದರೂ ಜನ ನಮ್ಮ ಮನೆಯ ಬೆಲ್ಲು ಒತ್ತುತ್ತಿದ್ದರು, ಅತ್ತೆಯೂ ಹಸಿದ ಬೆಕ್ಕಿನಂತೆ ಎದ್ದು ಹೋಗುತ್ತಿದ್ದರು. ನಾನು ಹಿಂದೆ. ಸೊಸೆಯಾಗಿ ಬಂದವಳು ಯಾವಾಗ ಅವರ ಸಹಾಯಕಳಾದೆನೋ ನನಗೇ ತಿಳಿಯದು.

ನಾವಿದ್ದ ಕಟ್ಟಡ ಒಂದು ಕಾಲದಲ್ಲಿ ಹತ್ತಿಯ ಗೋದಾಮು. ಕೆಳಗಡೆ ನಮ್ಮಂಥ ಬಾಡಿಗೆಯವರು, ಎರಡನೇ ಮಹಡಿಯಲ್ಲಿ ಟ್ಯುಟೋರಿಯಲ್ ನಡೆಸುತ್ತಿದ್ದ ಪ್ರಿನ್ಸಿಪಾಲರ ಮನೆ ಮತ್ತು ಆಫೀಸು, ಮೂರನೆಯದರಲ್ಲಿ ತರಗತಿಯ ಕೋಣೆ. ಆ ಕೋಣೆಯ ಹಿಂದೆ, ಹಿಂದಿನ ಕಾಲದಲ್ಲಿ ಮೂಟೆ ಎಳೆದುಕೊಳ್ಳಲು ಗೋಡೆಯಾಚೆ ಚಾಚಿ ಮಾಡಿದ್ದ, ಕಂಬಿಗಳ ಮೇಲೆ ತಗಡು ಹಾಸಿದ ಕಬ್ಬಿಣದ ಅಟ್ಟಣಿಗೆಯಿತ್ತು. ಲೆಕ್ಕದ ಮೇಷ್ಟ್ರು ಬೆಳಗಿನ ತರಗತಿಗೆ ಎಲ್ಲರಿಗಿಂತ ಮೊದಲು ಬಂದು, ಚಿಲಕ ತೆಗೆದು, ಎರಡೂ ಕೈಯಲ್ಲಿ ಟೀ ಮತ್ತು ಸಿಗರೇಟು ಹಿಡಿದು, ಬೆನ್ನಿನಿಂದ ಬಾಗಿಲು ತಳ್ಳಿಕೊಂಡು ಹಿಮ್ಮುಖವಾಗಿ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದರು. ಇದು ಕಟ್ಟಡದ ಮಕ್ಕಳಿಗೂ ಗೊತ್ತಿತ್ತು. ಅವರ ಅಕ್ಕ ಆಸ್ಪತ್ರೆಯಲ್ಲಿ ತೀರಿಕೊಂಡ ಮೇಲೆ ಒಂದು ಸಿಗರೇಟು ಎರಡಾಗಿತ್ತು.

ಸಂಜೆ ಅದೇ ಕೋಣೆಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಪಾಠ. ಅತ್ತೆ ಅಲ್ಲಿಗೆ ಸೇರಿದ್ದು ಇಂಗ್ಲಿಷಿನ ಮೋಹದಿಂದಲ್ಲ, ವೆಲ್ಡರ್‌ಗಾಗಿ. ಹುಡುಗಾಟದ ವಯಸ್ಸಿನಲ್ಲಿ ಕಳ್ಳತನ ಮಾಡಿ ಜೈಲು ಸೇರಿ, ಅಲ್ಲಿಯೇ ವೆಲ್ಡಿಂಗ್ ಕಲಿತು, ಹೊರಗೆ ಬಂದು ಮರ್ಯಾದೆಯಿಂದ ಬದುಕುತ್ತಿದ್ದವನು ಅವನು. ಒಬ್ಬನೇ ತರಗತಿಗೆ ಹೋಗಲು ನಾಚಿಕೊಂಡನೆಂದು ಅತ್ತೆ ಜೊತೆಗೆ ಹೊರಟರು, ಅತ್ತೆ ಒಬ್ಬರೇ ಹೋಗಲು ಬೇಸರವೆಂದು ನನ್ನನ್ನೂ ಎಳೆದರು.

ಆ ವಾರ ನಮ್ಮ ಪಾಠವೆಲ್ಲ ‘ಬೇಡ’ದ್ದೇ. ಟೀಚರ್ ಒಬ್ಬೊಬ್ಬರಿಗೆ ಒಂದೊಂದು ಹಳದಿ ಕಾರ್ಡು ಕೊಡುತ್ತಿದ್ದರು. ಏನು ಮಾಡಬೇಡ ಎಂದು ಬರೆದಿದೆಯೋ ಅದನ್ನೇ ನಾವು ಎಲ್ಲರೆದುರು ಮಾಡಬೇಕು; ಪಕ್ಕದವರು ಎದ್ದು ಚಾಡಿ ಹೇಳಬೇಕು, “ಟೀಚರ್ ಟೋಲ್ಡ್ ಹರ್ ನಾಟ್ ಟು ಶೌಟ್” ಅಂತ. ನಾವೆಲ್ಲ ‘ಟೋಲ್ಡ್ ಹರ್ ಡೋಂಟ್ ಶೌಟ್’ ಎಂದು ಎಡವುತ್ತಿದ್ದೆವು. ಆಜ್ಞೆ ಕೊಡುವಾಗ ‘ಡೋಂಟ್’, ಕೊಟ್ಟ ಆಜ್ಞೆಯನ್ನು ಇನ್ನೊಬ್ಬರಿಗೆ ಹೇಳುವಾಗ ‘ನಾಟ್ ಟು’ ಎಂದು ಟೀಚರ್ ಮತ್ತೆ ಮತ್ತೆ ತಿದ್ದುತ್ತಿದ್ದರು. ವೆಲ್ಡರ್‌ಗಂತೂ ‘ನಾಟ್’ ಎಲ್ಲಿಡಬೇಕೆಂದೇ ತಿಳಿಯದೆ ಕನ್ನಡದ ಹಾಗೆ ಬಾಲಕ್ಕೆ ಕಟ್ಟಿಬಿಡುತ್ತಿದ್ದ.

“ನಮ್ಮಲ್ಲಿ ‘ಬೇಡ’ ಕೊನೇಲಿ ಬರುತ್ತೆ, ಅವರಲ್ಲಿ ಮೊದಲೇ ಬರುತ್ತೆ” ಎಂದು ಟೀಚರ್ ಹೇಳಿದಾಗ ಅತ್ತೆ, “ಅದಕ್ಕೇ ನಮ್ಮವರು ಬೇಡ ಅನ್ನೋಷ್ಟರಲ್ಲಿ ಮಾಡಿ ಮುಗಿಸಿರ್ತಾರೆ” ಎಂದಿದ್ದರು. ನಮ್ಮ ಜೊತೆ ಕಲಿಯುತ್ತಿದ್ದ ಬಸ್ ಡ್ರೈವರ್ ಬೆಂಚು ಬಡಿದು ನಕ್ಕಿದ್ದ. ಈಗ ನೆನೆದರೆ ಆ ನಗು ಕಿವಿಗೆ ಹಿತವಾಗಿ ಕೇಳುವುದಿಲ್ಲ.

ವೆಲ್ಡರ್‌ಗೆ ಸಿಕ್ಕಿದ್ದ ಕಾರ್ಡು ‘ಡೋಂಟ್ ಲುಕ್ ಬ್ಯಾಕ್’. ಸರದಿ ಬಂದಾಗ ಅವನು ಎದ್ದು ನಿಂತ, ತಿರುಗಿ ನೋಡಲೇ ಇಲ್ಲ. ಆಟ ಕಣಪ್ಪಾ, ತಿರುಗು ಎಂದು ಎಲ್ಲರೂ ಹುರಿದುಂಬಿಸಿದರು. ಅವನು ಅತ್ತೆಯ ಮುಖವನ್ನೇ ನೋಡುತ್ತಾ, ಇದೊಂದನ್ನ ನಾನು ಮುರಿಯಲ್ಲ ಟೀಚರ್ ಎಂದು ಕುಳಿತುಬಿಟ್ಟ. ಅತ್ತೆಗೆ ಆಗ ಇದ್ದಕ್ಕಿದ್ದಂತೆ ನೆಗಡಿ ಬಂತು, ಕರವಸ್ತ್ರ ಹುಡುಕಿದರು.

ಅದೇ ವಾರ ಪ್ರಿನ್ಸಿಪಾಲರಿಗೆ, ಎಷ್ಟೋ ಕಾಲದಿಂದ ತುಕ್ಕು ತಿನ್ನುತ್ತಿದ್ದ ಅಟ್ಟಣಿಗೆಯ ನೆನಪಾಗಿತ್ತು. ರಿಪೇರಿ ವೆಲ್ಡರ್‌ಗೇ ಸಿಕ್ಕಿತು. ಅವನ ಕೈಗೆ ಕೋಣೆಯ ಕೀಲಿ ಕೊಡುವಾಗ ಲೆಕ್ಕದ ಮೇಷ್ಟ್ರು ಮೆಟ್ಟಿಲಲ್ಲಿ ಎಲ್ಲರೆದುರೇ, ಜೈಲಿಗೆ ಹೋಗಿಬಂದವನಿಗೆ ಕೀಲಿ ಕೊಡಬೇಡಿ ಎಂದರು. ಒಳ್ಳೆಯ ಮನುಷ್ಯರೇ, ಆದರೆ ನಾಲಿಗೆಗೆ ಬ್ರೇಕಿರಲಿಲ್ಲ. ವೆಲ್ಡರ್ ತಲೆ ತಗ್ಗಿಸಿ ನಿಂತಿದ್ದ. ಆ ಅವಮಾನವನ್ನು ಕಟ್ಟಡದ ಅರ್ಧ ಜನ ನೋಡಿದರು.

ಇನ್ನೊಂದು ಸಂಗತಿ ನಾನು ಕೇಳಿಯೂ ನಕ್ಕು ಮರೆತಿದ್ದೆ. ಅದಕ್ಕೆ ಸ್ವಲ್ಪ ಮುಂಚೆ ಆಫೀಸಿನ ಮುಂದೆ ಹೋಗುವಾಗ ಒಳಗಿಂದ ಪ್ರಿನ್ಸಿಪಾಲರ ದನಿ ಕೇಳಿತ್ತು: ಹೇಳಬೇಡಿ, ದಯವಿಟ್ಟು ಯಾರಿಗೂ ಹೇಳಬೇಡಿ. ಅದಕ್ಕೆ ಮೇಷ್ಟ್ರ ಉತ್ತರ: ನೀವೇ ಹೇಳಿ, ಇಲ್ಲದಿದ್ದರೆ ನಾನು ಹೇಳ್ತೀನಿ. ಪ್ರಿನ್ಸಿಪಾಲರೂ ನಮ್ಮ ಪಾಠ ಅಭ್ಯಾಸ ಮಾಡುತ್ತಿದ್ದಾರೆ ಎಂದು ಅತ್ತೆಗೆ ತಮಾಷೆ ಮಾಡಿದ್ದೆ.

ಪೊಲೀಸರು ಬಂದರು. ಇನ್‌ಸ್ಪೆಕ್ಟರ್ ಹಿಂದೆ ಜೈಲಿನ ಗೇಟಿನಲ್ಲಿ ಅತ್ತೆಯ ಪಕ್ಕ ಪಹರೆ ನಿಂತವನು, ಈಗಲೂ ಅವರನ್ನು ಅಮ್ಮಾ ಎನ್ನುತ್ತಿದ್ದ. ಹಾಗಾಗಿ ನಮ್ಮಿಬ್ಬರನ್ನೂ ಮೇಲೆ ಬರಲು ಬಿಟ್ಟ. ಕೋಣೆ ಗುಡಿಸಿ ಚೊಕ್ಕಟವಾಗಿತ್ತು. ಹಿಂಬಾಗಿಲ ಚಿಲಕ ತೆಗೆದಿತ್ತು. ಆಚೆ ಅಟ್ಟಣಿಗೆಯ ಕಂಬಿಗಳು ಮಾತ್ರ ಇದ್ದವು, ತಗಡುಗಳನ್ನೆಲ್ಲ ಬಿಚ್ಚಿ ಹೊರಗೋಡೆಗೆ ಒರಗಿಸಿತ್ತು. ಕಂಬಿಗಳ ನಡುವಿನಿಂದ ನಮ್ಮ ಹಿತ್ತಿಲೂ, ಅಲ್ಲಿ ಹೊದಿಸಿದ್ದ ಬಿಳಿ ಬಟ್ಟೆಯೂ ಕಂಡವು.

ಟೀಚರ್ ಸುದ್ದಿ ಕೇಳಿ ಮೆಟ್ಟಿಲಲ್ಲೇ ಕುಸಿದಿದ್ದರಿಂದ ಅವರನ್ನು ಮನೆಗೆ ಕಳಿಸಿದ್ದರು. ವೆಲ್ಡರ್ ಇಬ್ಬರು ಪೇದೆಗಳ ನಡುವೆ ನಿಂತಿದ್ದ. ಹಿಂದಿನ ದಿನ ಬೆಳಗಿನ ತರಗತಿ ಮುಗಿದ ಮೇಲೆ ತಗಡು ಬಿಚ್ಚಿ, ಸಂಜೆ ತಾನು ಬೋರ್ಡು ಹಾಕಿದ್ದೆನೆಂದು ಹೇಳಿದ. ಟೀಚರ್ ಹತ್ತಿರ ಒಂದು ಖಾಲಿ ಕಾರ್ಡು ಕೇಳಿ ಪಡೆದು, ತಾನೇ ಕೈಯಾರೆ ‘ಡೂ ನಾಟ್ ಓಪನ್ ದಿಸ್ ಡೋರ್’ ಎಂದು ಬರೆದು, ಅವರಿಂದ ತಿದ್ದಿಸಿಕೊಂಡಿದ್ದನಂತೆ.

“ಬೋರ್ಡನ್ನ ಚಿಲಕಕ್ಕೇ ಕಟ್ಟಿ ಬೈಂಡಿಂಗ್ ವೈರ್ ಸುತ್ತಿ ಪ್ಲೈಯರ್‌ನಲ್ಲಿ ತಿರುಚಿದ್ದೆ ಸಾರ್. ವೈರ್ ಬಿಚ್ದೆ ಚಿಲಕ ತೆಗೆಯಕ್ಕಾಗಲ್ಲ. ಬೀಗಾನೇ ಹಾಕ್ತೀನಿ ಅಂದೆ, ಬೀಗ ಹಾಕಬೇಡ, ಬೋರ್ಡು ಸಾಕು ಅಂದ್ರು.”

“ಯಾರಂದ್ರು?” ಎಂದು ಅತ್ತೆ ಕೇಳಿದರು.

“ನಾನೇ ಅಂದೆ” ಎಂದರು ಪ್ರಿನ್ಸಿಪಾಲರು, ಮೆಲ್ಲಗೆ. “ಬೆಂಕಿಗಿಂಕಿ ಬಿದ್ರೆ ಜನ ಓಡಿಹೋಗಕ್ಕೆ ಇನ್ನೊಂದು ದಾರಿ ಇರ್ಲಿ ಅಂತ. ಹೀಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?”

ತಗಡಿಲ್ಲದ ಅಟ್ಟಣಿಗೆಯ ಮೇಲೆ ಜನ ಎಲ್ಲಿಗೆ ಓಡಿಹೋಗುತ್ತಾರೆಂದು ಯಾರೂ ಕೇಳಲಿಲ್ಲ. ಪ್ರಿನ್ಸಿಪಾಲರು ಅಷ್ಟು ಸಭ್ಯರು. ಅಂಥ ಗಡಿಬಿಡಿಯಲ್ಲೂ ನಮಗೆಲ್ಲ ಟೀ ತರಿಸಿದ್ದರು. ನನಗೆ ಲೋಟ ಕೊಡುವಾಗ ಅವರ ಹೆಬ್ಬೆರಳಿಗೆ ಸುತ್ತಿದ್ದ ಪಟ್ಟಿ ನೋಡಿ ಏನಾಯಿತೆಂದು ಕೇಳಿದೆ. ಪೆನ್ಸಿಲ್ ಹೆರೆಯುವಾಗ ಬ್ಲೇಡು ತಗುಲಿತು ಎಂದರು.

ಬೋರ್ಡು ಎಲ್ಲೂ ಇರಲಿಲ್ಲ. ಇನ್‌ಸ್ಪೆಕ್ಟರ್ ವೆಲ್ಡರ್‌ನನ್ನು ಜೀಪಿಗೆ ಕಳಿಸಿದ. ಆಗ ಪ್ರಿನ್ಸಿಪಾಲರು, ಆ ಹುಡುಗ ಸುಳ್ಳು ಹೇಳುವವನಲ್ಲ, ಇನ್ನೊಮ್ಮೆ ಹುಡುಕೋಣ ಎಂದು ತಮ್ಮ ಕೀಲಿಗೊಂಚಲು ತೆಗೆದು ಮೂಲೆಯ ಕಬ್ಬಿಣದ ಬೀರು ತೆರೆದರು. ಒಳಗೆ ಕೆಂಪು ದಾರ ಕಟ್ಟಿದ ಕಾರ್ಡುಗಳ ಕಟ್ಟೊಂದಿತ್ತು. ಅಂಚೆಲ್ಲ ಕಂದಿದ್ದ ಕಾರ್ಡುಗಳ ನಡುವೆ ಹೊಸ ಹಳದಿಯದೊಂದು ಸಿಕ್ಕಿತು. ಅಕ್ಷರಗಳು ಒಂದು ಮೇಲೆ, ಒಂದು ಕೆಳಗೆ. ‘ಡೂ ನಾಟ್ ಓಪನ್ ದಿಸ್ ಡೋರ್.’

“ಅಯ್ಯೋ ವಿಧಿಯೇ” ಎಂದು ಪ್ರಿನ್ಸಿಪಾಲರು ಕುರ್ಚಿಯಲ್ಲಿ ಕುಸಿದರು. “ಪಾಠದ ಕಾರ್ಡು ಅಂತ ಇದನ್ನೂ ಎತ್ತಿಟ್ಟಿದಾರೆ. ಕ್ಲಾಸು ಮುಗಿದ್ಮೇಲೆ ಕೊನೇಲಿ ಹೋಗೋರು ಕಾರ್ಡೆಲ್ಲ ಆರಿಸಿ ಕಟ್ಟಿ ಬೀರೂಲಿ ಇಡೋದು ನಮ್ಮಲ್ಲಿ ಪದ್ಧತಿ.”

“ನಿನ್ನೆ ಕೊನೇಲಿ ಹೋದೋರು ಯಾರು?” ಎಂದ ಇನ್‌ಸ್ಪೆಕ್ಟರ್.

ಪ್ರಿನ್ಸಿಪಾಲರು ಉತ್ತರ ಕೊಡಲು ತುಂಬ ಹಿಂಜರಿದರು. ಕೊನೆಗೆ ಬಾಗಿಲ ಬಳಿ ನಿಂತಿದ್ದ ಕೀಲಿಯಮ್ಮನ ಕಡೆ ನೋಡಿದರು. ಕೋಣೆ ಗುಡಿಸಿ ಬೀಗ ಹಾಕುವ ಹೆಂಗಸು, ಸೊಂಟದಲ್ಲಿ ಸದಾ ಕೀಲಿಗಳು ಝಣಗುಟ್ಟುವುದರಿಂದ ಆ ಹೆಸರು. ತಾನು ಗುಡಿಸಿ ಹೋದ ಮೇಲೂ ವೆಲ್ಡರ್ ಬಾಗಿಲು ಭದ್ರ ಮಾಡುತ್ತಿದ್ದನೆಂದೂ, ಆಮೇಲೆ ಬೀಗ ಹಾಕಿ ಕೀಲಿ ತನ್ನ ಕೈಗೆ ಕೊಟ್ಟು ಹೋದನೆಂದೂ ಅವಳು ಹೇಳಿದಳು. ಇನ್‌ಸ್ಪೆಕ್ಟರ್ ಮುಖ ಗಟ್ಟಿಯಾಯಿತು. ಬೋರ್ಡು ಮರೆತಿದ್ದರೆ ಅದು ಅಜಾಗರೂಕತೆ. ಹಾಕಿದ ಬೋರ್ಡನ್ನು ತಾನೇ ತೆಗೆದು, ತನ್ನನ್ನು ಅವಮಾನ ಮಾಡಿದ ಮೇಷ್ಟ್ರು ಬೆಳಗ್ಗೆ ಅಲ್ಲಿಗೇ ಬರುತ್ತಾರೆಂದು ಗೊತ್ತಿದ್ದೂ ಹೋದವನದು ಬೇರೆಯೇ ಅಪರಾಧ. ಸಹಾಯ ಮಾಡಲು ಹೋಗಿ ಪ್ರಿನ್ಸಿಪಾಲರು ಹುಡುಗನ ಕುತ್ತಿಗೆಗೇ ತಂದರಲ್ಲ ಎಂದು ನನಗೆ ಅಳು ಬಂತು.

ಅತ್ತೆ ಮಾತ್ರ ಆ ಕಾರ್ಡಿನ ಕಟ್ಟನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಮೆಟ್ಟಿಲಿಳಿಯುವಾಗ ಕೇಳಿದರು, “ನಿನ್ನ ಕಾರ್ಡು ಎಲ್ಲಿದೆ?”

“ನನ್ನದಾ? ಕನ್ನಡಿಗೆ ಅಂಟಿಸಿದೀನಲ್ಲ, ‘ಡೋಂಟ್ ಬಿ ಲೇಟ್’.”

“ಹೂಂ” ಎಂದರು. ಅವರ ‘ಹೂಂ’ಗೆ ಅರ್ಥ ಕೇಳಬಾರದೆಂದು ಮದುವೆಯಾದ ಹೊಸದರಲ್ಲೇ ಕಲಿತಿದ್ದೆ.

ಮಧ್ಯಾಹ್ನ ಠಾಣೆಗೆ ಹೋದೆವು. ವೆಲ್ಡರ್ ಲಾಕಪ್ಪಿನಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಬೋರ್ಡಿನ ಮಾತು ಹೇಳಿದ ಮೇಲೆ ತುಟಿ ಬಿಚ್ಚಿಲ್ಲ, ತಪ್ಪಿತಸ್ಥನಲ್ಲದಿದ್ದರೆ ಮಾತಾಡುತ್ತಿರಲಿಲ್ಲವೇ ಎಂದ ಇನ್‌ಸ್ಪೆಕ್ಟರ್. ಪೊಲೀಸರೆದುರು ಎರಡನೇ ಮಾತಾಡಿದರೆ ಏಟು ಬೀಳುತ್ತದೆಂದು ಚಿಕ್ಕಂದಿನಲ್ಲೇ ಕಲಿತವನು ಇನ್ನೇನು ಮಾಡುತ್ತಾನೆ ಎಂದು ಅತ್ತೆ ಇನ್‌ಸ್ಪೆಕ್ಟರ್‌ನನ್ನು ಗದರಿಸಿದರು. ಅತ್ತೆಯ ದನಿ ಕೇಳಿ ವೆಲ್ಡರ್ ಎದ್ದ, ಆದರೆ ಗೋಡೆ ಬಿಟ್ಟು ತಿರುಗಲಿಲ್ಲ.

“ಅಮ್ಮಾ, ನಾನು ತಿರುಗಿ ನೋಡಿರ್ಲಿಲ್ಲ. ಒಂದ್ಸಲಾನೂ” ಎಂದ.

ಅತ್ತೆ ಸರಳು ಹಿಡಿದು ನಿಂತರು. ಇನ್ನೊಬ್ಬರ ಸರಳಿನ ಹೊರಗೆ ನಿಂತೇ ಜೀವನ ಕಳೆದವರು, ಅಂದು ಮೊದಲ ಬಾರಿಗೆ ಅದನ್ನು ಮುಟ್ಟಿದ್ದನ್ನು ಕಂಡೆ. ನಾಳೆ ಬೆಳಗ್ಗೆ ಅವನನ್ನು ಕೋರ್ಟಿಗೆ, ಅಲ್ಲಿಂದ ಅದೇ ಜೈಲಿಗೆ ಕಳಿಸುತ್ತಾರೆಂದು ಇನ್‌ಸ್ಪೆಕ್ಟರ್ ಹೇಳಿದ.

ದಾರಿಯಲ್ಲಿ ಅತ್ತೆ ಹೇಳಿದರು, “ಆ ಗೇಟಿನೊಳಗೆ ಇನ್ನೊಂದ್ಸಲ ಹೋದ್ರೆ ಅವನು ಹೊರಗೆ ಬಂದ್ರೂ ಬಂದ ಹಾಗಲ್ಲ ಕಣೇ. ಹಾಗೆ ಬಂದವರನ್ನ ಎಷ್ಟು ಜನಾನ ನೋಡಿದೀನಿ. ಕಾಲು ಹೊರಗಿರುತ್ತೆ ಅಷ್ಟೆ.”

ಮನೆಗೆ ಬಂದು ಅವರು ಕೀಲಿಯಮ್ಮನನ್ನು ಕರೆದು ಟೀ ಕೊಟ್ಟು ಕೂರಿಸಿದರು. ಕೀಲಿಯಮ್ಮ ಗೋಳು ತೋಡಿಕೊಂಡಳು. ಮುಂಚೆ ಪ್ರಿನ್ಸಿಪಾಲರೇ ಸಂಜೆ ಪಾಠ ಮಾಡುವಾಗ ಬೆಂಚಿನ ಕೆಳಗೆಲ್ಲ ಕಾರ್ಡು ಹೆಕ್ಕುವ ಕೆಲಸವಿತ್ತಂತೆ, ಈ ಟೀಚರ್ ಬಂದ ಮೇಲೆ ನೆಲ ಗುಡಿಸಿದರೆ ಆಯಿತಂತೆ. ಪ್ರಿನ್ಸಿಪಾಲರು ಪಾಠ ಬಿಟ್ಟ ಮೇಲೆ ಸಂಜೆ ಆ ಕೋಣೆಗೆ ತಲೆ ಹಾಕಿದವರೇ ಅಲ್ಲ. ಕಟ್ಟಡದ ಎಲ್ಲ ಕೀಲಿಯೂ ನಿನ್ನ ಸೊಂಟದಲ್ಲಿ ಇವೆಯೇ ಎಂದು ಅತ್ತೆ ಕೇಳಿದ್ದಕ್ಕೆ, ಆ ಬೀರುವಿನದೊಂದು ಬಿಟ್ಟು ಎಂದಳು. ಅತ್ತೆ ಅವಳ ಲೋಟಕ್ಕೆ ಇನ್ನಷ್ಟು ಟೀ ಸುರಿದರು. ಆಮೇಲೆ ನನ್ನ ಕಡೆ ತಿರುಗಿ, ತರಗತಿಯವರಿಗೆಲ್ಲ ಫೋನ್ ಮಾಡಿ ಸಂಜೆ ಬರಹೇಳು, ಕಾರ್ಡು ಮರೆಯದೆ ತರಲಿ ಎಂದರು.

ಸಂಜೆ ಎಲ್ಲರೂ ಬಂದರು. ಕೋಣೆಯಲ್ಲಿ ಒಂದೇ ದೀಪ ಉರಿಯುತ್ತಿತ್ತು, ಹಿಂಬಾಗಿಲಿಗೆ ಈಗ ದೊಡ್ಡ ಬೀಗ ಬಿದ್ದಿತ್ತು. ಯಾರ ಕಣ್ಣೂ ಅತ್ತ ಹೋಗದಿರಲಿಲ್ಲ. ಬಸ್ ಡ್ರೈವರ್ ನಗುವುದನ್ನು ಮರೆತಿದ್ದ. ನಮ್ಮೊಡನೆ ಕಲಿಯುತ್ತಿದ್ದ ಆಸ್ಪತ್ರೆಯ ನರ್ಸು ಮುದುಡಿ ಕುಳಿತಿದ್ದಳು. ಮೇಷ್ಟ್ರು ಬದುಕಿದ್ದಾಗಲೂ ಅವರೆದುರು ಅವಳು ಹಾಗೆಯೇ ತಲೆ ತಗ್ಗಿಸುತ್ತಿದ್ದಳು. ಟೀಚರ್ ಕಣ್ಣು ಕೆಂಪಾಗಿ ಊದಿತ್ತು. ನನ್ನ ಕಾರ್ಡುಗಳೇ ಒಬ್ಬರನ್ನ ಕೊಂದವು ಎಂದು ಅವರು ಬಂದಾಗಿನಿಂದ ಗೊಣಗುತ್ತಿದ್ದರು. ಇನ್‌ಸ್ಪೆಕ್ಟರ್ ಬಾಗಿಲ ಬಳಿ ನಿಂತ. ಪ್ರಿನ್ಸಿಪಾಲರಿಗೆ ಅತ್ತೆಯೇ ಮುಂದಿನ ಕುರ್ಚಿ ಹಾಕಿಕೊಟ್ಟರು.

“ಸಾರ್, ನನ್ನದು ಮಂದಬುದ್ಧಿ” ಎಂದರು ಅತ್ತೆ. ಅವರು ಹೀಗೆ ಶುರುಮಾಡಿದರೆಂದರೆ ಎದುರಿನವರ ಕತೆ ಮುಗಿಯಿತೆಂದೇ ಲೆಕ್ಕ. “ಬೆಳಗ್ಗೆ ಕಾರ್ಡಿನ ಪದ್ಧತಿ ಹೇಳಿದ್ರಲ್ಲ, ಇನ್ನೊಂದ್ಸಲ ಹೇಳ್ತೀರಾ?”

ಪ್ರಿನ್ಸಿಪಾಲರು ಅಷ್ಟೇ ಸಮಾಧಾನದಿಂದ ಹೇಳಿದರು. ಕ್ಲಾಸು ಮುಗಿದ ಮೇಲೆ ಕಾರ್ಡೆಲ್ಲ ಆರಿಸುವುದು, ದಾರ ಕಟ್ಟುವುದು, ಬೀರುವಿನಲ್ಲಿಡುವುದು. ಟೀಚರ್ ಅಳು ನಿಲ್ಲಿಸಿ ಅವರನ್ನೇ ನೋಡುತ್ತಿದ್ದರು.

“ಟೀಚರಮ್ಮಾ, ಹೌದಾ?”

“ಇಲ್ಲ” ಎಂದರು ಟೀಚರ್. “ನಾನು ಬಂದ್ಮೇಲೆ ಕಾರ್ಡು ವಾಪಸ್ ತಗೊಂಡೇ ಇಲ್ಲ. ಕಲಿತದ್ದು ಬೀರೂಲಿ ಇರಬಾರದು ಅಂತ ಅವರವರ ಮನೆಗೇ ಕೊಟ್ಟು ಕಳಿಸ್ತೀನಿ.”

“ಎಲ್ಲಾರೂ ಕಾರ್ಡು ತೋರಿಸ್ರಪ್ಪಾ” ಎಂದರು ಅತ್ತೆ.

ಹಳದಿ ಕಾರ್ಡುಗಳು ಒಂದೊಂದಾಗಿ ಮೇಲೆದ್ದವು. ಡ್ರೈವರ್‌ನದು ಸ್ಟೇರಿಂಗ್ ಪಕ್ಕದಿಂದ ಬಂದು ಎಣ್ಣೆ ಮೆತ್ತಿಕೊಂಡಿತ್ತು. ನರ್ಸಿನದು ಮಡಿಸಿ ಪರ್ಸಿನಲ್ಲಿತ್ತು. ನನ್ನದಕ್ಕೆ ಕನ್ನಡಿಯ ಪೌಡರ್, ಅತ್ತೆಯದಕ್ಕೆ ಅಡುಗೆಮನೆಯ ಹೊಗೆ. ಬೆಳಗ್ಗೆಯಿಂದ ಕಣ್ಣೆದುರೇ ಓಲಾಡುತ್ತಿದ್ದದ್ದು ನನಗೆ ಆಗ ಹೊಳೆಯಿತು. ನನ್ನ ತಲೆಗೆ ನಾನೇ ಮೊಟಕಿಕೊಳ್ಳುವ ಹಾಗಾಯಿತು.

“ವೆಲ್ಡರ್‌ನದು ಇದು” ಎಂದು ಅತ್ತೆ ಚೀಲದಿಂದ, ಅವನ ಸಾಮಾನಿನಲ್ಲಿ ಹುಡುಕಿ ತಂದಿದ್ದ ವೆಲ್ಡಿಂಗ್ ಮುಖವಾಡ ತೆಗೆದರು. ಅದರ ಒಳಮೈಗೆ, ಹಣೆ ತಾಗುವ ಜಾಗದಲ್ಲಿ ‘ಡೋಂಟ್ ಲುಕ್ ಬ್ಯಾಕ್’ ಅಂಟಿಸಿತ್ತು. “ಈ ಕ್ಲಾಸಿನಲ್ಲಿ ಕೂತ ಯಾರಿಗಾದ್ರೂ ಗೊತ್ತು, ಕಾರ್ಡು ಬೀರೂಗೆ ಹೋಗಲ್ಲ. ಆ ಬೋರ್ಡು ಪಾಠದ ಕಾರ್ಡಿನ ಜೊತೆ ಸೇರಿಹೋಯ್ತು ಅಂತ ನಂಬಿಸಬೇಕಾದ್ರೆ ಆ ಬೀರೂಲಿ ಇಡೋದು ಯಾರು? ಹಳೇ ಪದ್ಧತಿ ಗೊತ್ತಿದ್ದು, ಹೊಸದು ಗೊತ್ತಿಲ್ಲದೋರು. ಮುಂಚೆ ಇಲ್ಲಿ ಪಾಠ ಮಾಡಿ, ಬಿಟ್ಮೇಲೆ ಒಂದು ದಿನಾನೂ ಇಣುಕದೇ ಇದ್ದೋರು.”

“ಊಹೆಗೆಲ್ಲ ನಾನು ಉತ್ತರ ಕೊಡಲ್ಲ” ಎಂದರು ಪ್ರಿನ್ಸಿಪಾಲರು. ದನಿಯಲ್ಲಿ ಸಭ್ಯತೆ ಇನ್ನೂ ಇತ್ತು, ಮುಖದಲ್ಲಿ ಇರಲಿಲ್ಲ.

“ಕೊಡಬೇಡಿ. ಇನ್‌ಸ್ಪೆಕ್ಟ್ರೇ, ಬೆಳಗ್ಗೆ ಬೀರು ತೆಗೆದದ್ದು ಯಾರ ಕೀಲೀಲಿ? ಕೀಲಿಯಮ್ಮನ ಹತ್ರ ಅದರದ್ದು ಇಲ್ಲ, ಟೀಚರ್ ಹತ್ರ ಇಲ್ಲ. ವೆಲ್ಡರ್ ಕಾರ್ಡನ್ನ ಬೀಗ ಹಾಕಿದ ಕಬ್ಬಿಣದ ಮೂಲಕ ತೂರಿಸಿದ್ನಾ? ಆಮೇಲೆ ಆ ಪಟ್ಟಿ ಬಿಚ್ಚಿಸಿ ನೋಡಿ. ಬ್ಲೇಡು ಕೊಯ್ದ ಗಾಯ ಒಂದು ಗೆರೆ ಇರುತ್ತೆ. ತಿರುಚಿದ ವೈರನ್ನ ಪ್ಲೈಯರ್ ಇಲ್ದೆ ಬಿಚ್ಚಿದ ಗಾಯ ಹಾಗಿರಲ್ಲ.”

ಇನ್‌ಸ್ಪೆಕ್ಟರ್ ಮುಂದೆ ಬಂದು ಕೈ ಚಾಚಿದ. ಪಟ್ಟಿಯ ಕೆಳಗೆ ಹೆಬ್ಬೆರಳ ತುದಿಯೆಲ್ಲ ಚುಚ್ಚಿ ಚುಚ್ಚಿ ಹರಿದಿತ್ತು.

ಕಾರಣವನ್ನು ಅತ್ತೆ ಹೇಳಲಿಲ್ಲ, ನರ್ಸಿನ ಕಡೆ ನೋಡಿದರು; ಅವಳು ಮೇಷ್ಟ್ರೆದುರು ತಲೆ ತಗ್ಗಿಸುತ್ತಿದ್ದುದು ಅವರ ಕಣ್ಣಿಗೂ ಬಿದ್ದಿತ್ತು. ಅವಳು ಎದ್ದು ನಿಂತು, ಕಾರ್ಡನ್ನು ಹಿಂಡುತ್ತಾ ಹೇಳಿದಳು. ಮೇಷ್ಟ್ರ ಅಕ್ಕ ತೀರಿಹೋದದ್ದು ಅವಳ ವಾರ್ಡಿನಲ್ಲೇ. ಮೈಗೆ ಹಚ್ಚುವ ಔಷಧಿಯ ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ಕುಡಿಸಬೇಡಿ ಎಂದು ಸ್ಪಷ್ಟವಾಗಿ ಬರೆದಿತ್ತು. ಹೊಸದಾಗಿ ಸೇರಿದ್ದ ಸಹಾಯಕಿ ಅದನ್ನು ಕುಡಿಸಿಬಿಟ್ಟಳು. ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದರೆ ಬರುತ್ತದೆಂಬ ಸರ್ಟಿಫಿಕೇಟು ಇತ್ತು. ಈ ಟ್ಯುಟೋರಿಯಲ್‌ನದು, ಪ್ರಿನ್ಸಿಪಾಲರ ಸಹಿಯದು. ಅವಳು ಈ ಮೆಟ್ಟಿಲನ್ನೇ ಹತ್ತಿದವಳಲ್ಲ. ನರ್ಸು ಅದನ್ನು ಮೇಷ್ಟ್ರಿಗೆ ಹೇಳಿದ್ದಳು, ಹೇಳಿದ್ದಕ್ಕೇ ಅವರಿಗೆ ಹೀಗಾಯಿತೇನೋ ಎಂದು ಬೆಳಗ್ಗೆಯಿಂದ ಬೇಯುತ್ತಿದ್ದಳು.

“ಅವತ್ತು ನನ್ನ ಸೊಸೆ ಆಫೀಸಿನ ಬಾಗಿಲಲ್ಲಿ ಕೇಳಿದ್ದು ಪಾಠ ಅಲ್ಲ” ಎಂದರು ಅತ್ತೆ. “ಮೇಷ್ಟ್ರು ಹೇಳ್ತೀನಿ ಅಂದ್ರು. ಅದೇ ವಾರ ತುಕ್ಕು ಹಿಡಿದ ಅಟ್ಟಣಿಗೆ ನೆನಪಾಯ್ತು, ತಗಡು ಬಿಚ್ಚಿದ್ದಾಯ್ತು, ಬೀಗ ಬೇಡ ಅಂದದ್ದಾಯ್ತು. ಕೆಲಸಕ್ಕೆ ಜೈಲಿಗೆ ಹೋಗಿಬಂದವನೇ ಬೇಕಾದ. ಎಲ್ಲಾರೂ ಹೋದ್ಮೇಲೆ ಬಂದು ಬೋರ್ಡು ಬಿಚ್ಚಿದ್ರು. ಬೆಳಗ್ಗೆ ಆ ಮನುಷ್ಯ ಬೆನ್ನಿಂದ ಬಾಗಿಲು ತಳ್ಳಿದ. ಅಪಘಾತ ಅಂದ್ರೂ ಸರಿ, ವೆಲ್ಡರ್ ಮಾಡಿದ ಅಂದ್ರೂ ಸರಿ, ಎರಡರಲ್ಲೂ ತಾನು ಒಳ್ಳೆಯವನು.”

ಪ್ರಿನ್ಸಿಪಾಲರು ಬೀಗ ಹಾಕಿದ್ದ ಹಿಂಬಾಗಿಲನ್ನೇ ನೋಡುತ್ತಿದ್ದರು. ಯಾರಿಗೆಂದಿಲ್ಲದೆ ಹೇಳಿದರು, “ಎಷ್ಟು ಕೇಳ್ಕೊಂಡೆ. ಹೇಳಬೇಡ, ಹೇಳಬೇಡ ಅಂತ. ಕೇಳಲಿಲ್ಲ.”

ಅವರನ್ನು ಕರೆದೊಯ್ದರು. ಮೆಟ್ಟಿಲಲ್ಲಿ ಹೆಜ್ಜೆ ಸದ್ದು ಇಳಿದು ಹೋಯಿತು. ಕೊನೆಗೆ ಟೀಚರ್ ಎದ್ದು, ಬೀರುವಿನಲ್ಲಿ ಉಳಿದಿದ್ದ ಹಳೆಯ ಕಾರ್ಡುಗಳನ್ನೆಲ್ಲ ತೆಗೆದು ಕಸದ ಬುಟ್ಟಿಗೆ ಸುರಿದರು. ಕೀಲಿಯಮ್ಮ ಗೊಣಗದೆ ಬುಟ್ಟಿ ಎತ್ತಿಕೊಂಡಳು.

ನಾವು ಠಾಣೆಗೆ ಹೋದಾಗ ಬೀದಿದೀಪಗಳು ಆಗಷ್ಟೇ ಹತ್ತಿಕೊಂಡಿದ್ದವು. ವೆಲ್ಡರ್ ಹೊರಗೆ ಬಂದ. ಅಂಗಿ ಮುದುಡಿತ್ತು. ಇನ್‌ಸ್ಪೆಕ್ಟರ್ ಹಿಂದಿನಿಂದ ಏನೋ ಸಮಾಧಾನದ ಮಾತು ಹೇಳಿದ. ಇವನು ಕಿವುಡನಂತೆ ನೆಟ್ಟಗೆ ನಡೆದು ಗೇಟು ದಾಟಿ ನಮ್ಮೆದುರು ನಿಂತ. ಅತ್ತೆ ಅವನ ಮುಖವಾಡವನ್ನು ಅವನ ಕೈಗೆ ಕೊಟ್ಟರು. ಅವನು ಅದರ ಒಳಗಿನ ಕಾರ್ಡನ್ನು ಹೆಬ್ಬೆರಳಿನಿಂದ ಸವರಿ ನೋಡಿದ.

“ಅಮ್ಮಾ, ಇಂಗ್ಲಿಷಲ್ಲಿ ಒಂದು ಹೇಳ್ಲಾ?”

“ಹೇಳು.”

ಅವನು ಪಾಠದಲ್ಲಿ ನಿಲ್ಲುವ ಹಾಗೆ ಕೈಕಟ್ಟಿ ನಿಂತ. ತುಟಿ ಒಂದೆರಡು ಸಲ ಸದ್ದಿಲ್ಲದೆ ಅಲುಗಿತು.

“ಯು ಟೋಲ್ಡ್ ಮಿ ನಾಟ್ ಟು ಲುಕ್ ಬ್ಯಾಕ್.”

ಅತ್ತೆ ಅವನ ಭುಜ ತಟ್ಟಿ, ನಡಿ ನಡಿ, ಹಸಿದಿದೀಯ ಎಂದು ಮುಂದಕ್ಕೆ ತಳ್ಳಿದರು. ಅವನು ಮುಂದೆ ಹೋದ. ನಾನು ಅತ್ತೆಗಾಗಿ ನಿಂತೆ. ಅವರು ಮಾತ್ರ ತಿರುಗಿ ಆ ಗೇಟನ್ನು ನೋಡುತ್ತಾ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.